ಪೊಲೀಸರಿಲ್ಲದ ನ್ಯಾಯಸ್ಥಾನ

ಕಾನೂನು ಎಂಬ ಮಾತು ಮೂಲತಃ ನಮ್ಮದಲ್ಲ. ಅರ್ಜಿ, ವಕೀಲ, ತಕರಾರು, ಫಿರ್ಯಾದಿ ಇವುಗಳ ಜೊತೆಯಲ್ಲಿ ಅದೂ ಪಾರಸಿಯ ದಾರಿಯಿಂದ ನಮ್ಮ ಊರ ಚಾವಡಿಗಳಿಗೆ ಬಂದು ಇಲ್ಲಿಯದೇ ಆಗಿ ಉಳಿಯಿತು. ಪಾರಸಿಗೆ ಅದು ಬಂದದ್ದು ಅರಬ್ಬೀಯಿಂದ, ಅರಬ್ಬರಿಗೆ ಗ್ರೀಕರಿಂದ. ಗ್ರೀಕರಲ್ಲಿ 'ಕನೋನ್' ಎಂದರೆ ನೆಟ್ಟಗಿರುವ ಕೋಲು. ಗೆರೆ ನೇರವಾಗಿದೆಯೇ ಎಂದು ನೋಡಲು ಬಡಗಿ ಇಟ್ಟುಕೊಳ್ಳುವ ಅಳತೆಗೋಲು. ಅನ್ಯದೇಶ್ಯ ಪದಗಳ ಪಾಠ ಮಾಡುತ್ತ ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಆ ಕೋಲೇ ನೆಟ್ಟಗಿದೆಯೋ ಇಲ್ಲವೋ ಅಂತ ನೋಡುವವರು ಯಾರು ಸಾರ್?" ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಹೊಡೆದು ನನ್ನ ಮಾನವನ್ನು ಉಳಿಸಿತು.

ಹುಡುಗ ತಮಾಷೆಗೆ ಕೇಳಿದ್ದಿರಬಹುದು. ಆದರೆ ಆ ಮಾತು ಹುಟ್ಟಿದ ಖಂಡದಲ್ಲಿಯೇ ಈ ಪ್ರಶ್ನೆ ತಮಾಷೆಯಾಗಿ ಉಳಿದಿಲ್ಲ. ಒಂದು ದೇಶದ ಒಳಗೆ ನ್ಯಾಯ ನಡೆಯುವ ಕ್ರಮ ನಮಗೆ ಪರಿಚಿತವಾದದ್ದು: ನ್ಯಾಯಾಧೀಶರು ತೀರ್ಪು ಕೊಡುತ್ತಾರೆ, ಅಮೀನ ಅದನ್ನು ಜಾರಿ ಮಾಡುತ್ತಾನೆ, ಅಮೀನನ ಬೆನ್ನಿಗೆ ಪೊಲೀಸರಿರುತ್ತಾರೆ. ಆದರೆ ಹಲವು ಸ್ವತಂತ್ರ ದೇಶಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡಾಗ, ಆ ದೇಶಗಳಲ್ಲಿ ಒಂದರ ಸರ್ಕಾರವೇ ಕಾನೂನನ್ನು ಮುರಿದರೆ ಅದನ್ನು ಹಿಡಿದು ನಿಲ್ಲಿಸುವವರು ಯಾರು? ಐರೋಪ್ಯ ಒಕ್ಕೂಟಕ್ಕೆ ದೇಶಗಳ ಮೇಲೆ ಕಳುಹಿಸಬಹುದಾದ ಪೊಲೀಸರಿಲ್ಲ, ಸೈನ್ಯವಿಲ್ಲ, ಸೆರೆಮನೆಯಿಲ್ಲ. ಇರುವುದು ಲಕ್ಸೆಂಬರ್ಗ್ ಎಂಬ ಪುಟ್ಟ ನಾಡಿನಲ್ಲಿ ಒಂದು ನ್ಯಾಯಸ್ಥಾನ. ಅದರ ಮಾತು ಹೇಗೆ ನಡೆಯಿತು, ಎಲ್ಲಿ ನಡೆಯದೆ ಹೋಯಿತು ಎಂಬುದು ನಮ್ಮ ಕಾಲದ ಚರಿತ್ರೆಯ ಒಂದು ಮುಖ್ಯ ಅಧ್ಯಾಯ. ನಾನು ಕಾನೂನು ಓದಿದವನಲ್ಲ, ಕನ್ನಡದ ಮೇಷ್ಟರು. ಚರಿತ್ರೆಯ ಮೇಲಣ ಆಸೆಯೊಂದೇ ಇದನ್ನು ಬರೆಯಲು ನನಗಿರುವ ಅಧಿಕಾರ.

ಕಥೆ ಆರಂಭವಾಗುವುದು ಕಲ್ಲಿದ್ದಲು ಮತ್ತು ಉಕ್ಕಿನಿಂದ. ಮೂವತ್ತು ವರ್ಷಗಳ ಅವಧಿಯಲ್ಲಿ ಎರಡು ಮಹಾಯುದ್ಧಗಳನ್ನು ಕಂಡು ಬಸವಳಿದಿದ್ದ ಯೂರೋಪಿನ ಮುಂದೆ, 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶುಮಾನ್ ಒಂದು ಸಲಹೆಯನ್ನು ಇಟ್ಟರು: ಯುದ್ಧಕ್ಕೆ ಬೇಕಾದ ಈ ಎರಡು ಸರಕುಗಳನ್ನು ಫ್ರಾನ್ಸ್ ಮತ್ತು ಜರ್ಮನಿ ಒಂದೇ ಮೇಲಧಿಕಾರದ ಕೈಗೆ ಒಪ್ಪಿಸಲಿ. ಈ ಶುಮಾನರ ಬಾಳೇ ಆ ಗಡಿಗಳ ಕಥೆ. ಹುಟ್ಟಿದ್ದು ಲಕ್ಸೆಂಬರ್ಗಿನಲ್ಲಿ, ಮೊದಲು ಜರ್ಮನಿಯ ಪ್ರಜೆ, ಮೊದಲ ಮಹಾಯುದ್ಧದ ತರುವಾಯ ಲೊರೇನ್ ಪ್ರಾಂತ ಕೈ ಬದಲಾಯಿಸಿದ್ದರಿಂದ ಫ್ರಾನ್ಸಿನ ಪ್ರಜೆ. 1951ರ ಏಪ್ರಿಲ್ 18ರಂದು ಪ್ಯಾರಿಸಿನಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಎಂಬ ಆರು ದೇಶಗಳು ಒಡಂಬಡಿಕೆಗೆ ಸಹಿ ಹಾಕಿದವು. ಮೇಲಧಿಕಾರ ತನ್ನ ಮೇರೆ ಮೀರಿದರೆ ಕೇಳುವವರು ಬೇಕಲ್ಲ? ಅದಕ್ಕಾಗಿ ಏಳು ಮಂದಿ ನ್ಯಾಯಾಧೀಶರ ನ್ಯಾಯಸ್ಥಾನವೊಂದು 1952ರಲ್ಲಿ ಲಕ್ಸೆಂಬರ್ಗಿನಲ್ಲಿ ಕೂತಿತು. 1957ರ ರೋಮ್ ಒಡಂಬಡಿಕೆಯ ಮೇಲೆ ವ್ಯಾಪಾರವೆಲ್ಲವೂ ಈ ಏರ್ಪಾಟಿನೊಳಗೆ ಬಂದಿತು. ಅದರ ಆಯೋಗಕ್ಕೆ ಮೊದಲ ಅಧ್ಯಕ್ಷರಾದ ವಾಲ್ಟರ್ ಹಾಲ್‌ಸ್ಟೈನ್ ಕಾನೂನಿನ ಪ್ರಾಧ್ಯಾಪಕರು. ಈ ಸಮುದಾಯವನ್ನು ಅವರು 'ಕಾನೂನಿನ ಸಮುದಾಯ' ಎಂದು ಕರೆದರು. ಕತ್ತಿಯ ಬಲದಿಂದ ಯೂರೋಪನ್ನು ಒಂದು ಮಾಡಹೊರಟವರ ಗತಿ ಏನಾಯಿತೆಂಬುದನ್ನು ಜರ್ಮನಿಯವರಾದ ಅವರು ಕಣ್ಣಾರೆ ಕಂಡಿದ್ದರು.

ದೊಡ್ಡ ತತ್ತ್ವಗಳು ಬಹುಮಟ್ಟಿಗೆ ಸಣ್ಣ ವ್ಯಾಜ್ಯಗಳಿಂದ ಹುಟ್ಟುತ್ತವೆ. ನೆದರ್ಲೆಂಡ್ಸಿನ ಒಂದು ಸಾಗಣೆ ಸಂಸ್ಥೆ ಜರ್ಮನಿಯಿಂದ ಅಂಟು ಮುಂತಾದುವುಗಳ ತಯಾರಿಕೆಗೆ ಬಳಸುವ ರಾಸಾಯನಿಕವೊಂದನ್ನು ತರಿಸಿತು. ನೂರಕ್ಕೆ ಮೂರರಷ್ಟಿದ್ದ ಸುಂಕ ನೂರಕ್ಕೆ ಎಂಟಾಗಿತ್ತು. ಸುಂಕವನ್ನು ಏರಿಸಬಾರದೆಂದು ಒಡಂಬಡಿಕೆಯಲ್ಲಿದೆಯಲ್ಲ ಎಂದು ಸಂಸ್ಥೆ ತಕರಾರು ಹೂಡಿತು. ಒಡಂಬಡಿಕೆ ಸರ್ಕಾರ ಸರ್ಕಾರಗಳ ನಡುವಿನದು, ವರ್ತಕನಿಗೂ ಅದಕ್ಕೂ ಏನು ಸಂಬಂಧ ಎಂಬುದು ಸರ್ಕಾರಗಳ ವಾದ. 1963ರ ಫೆಬ್ರವರಿ 5ರಂದು ಲಕ್ಸೆಂಬರ್ಗಿನ ನ್ಯಾಯಾಧೀಶರು ಈ ವಾದವನ್ನು ಒಪ್ಪಲಿಲ್ಲ: ಇದು ಹೊಸ ಬಗೆಯ ಕಾನೂನಿನ ವ್ಯವಸ್ಥೆ, ಇದರಲ್ಲಿ ಹಕ್ಕು ಇರುವುದು ದೇಶಗಳಿಗೆ ಮಾತ್ರವಲ್ಲ, ಆ ದೇಶಗಳ ಪ್ರಜೆಗಳಿಗೂ ಇದೆ ಎಂದರು. ಮರು ವರ್ಷ ಬಂದದ್ದು ಮಿಲಾನಿನ ವಕೀಲ ಫ್ಲಾಮಿನಿಯೊ ಕೋಸ್ತಾ ಅವರ ಮೊಕದ್ದಮೆ. ಇಟಲಿಯ ಸರ್ಕಾರ ವಿದ್ಯುತ್ ಕಂಪೆನಿಗಳನ್ನು ವಹಿಸಿಕೊಂಡಿತ್ತು. ಹಾಗೆ ಹೋದ ಒಂದು ಕಂಪೆನಿಯಲ್ಲಿ ಅವರಿಗೆ ಷೇರು ಇತ್ತು. ಸಿಟ್ಟಿನಿಂದ ಅವರು ಎರಡು ಸಾವಿರ ಲೀರಾಕ್ಕೂ ಕಡಮೆಯಾದ ಒಂದು ವಿದ್ಯುತ್ ಬಿಲ್ಲನ್ನು ಕಟ್ಟದೆ ಕುಳಿತರು. ಆ ವ್ಯಾಜ್ಯದಲ್ಲಿ 1964ರ ಜುಲೈ 15ರಂದು ಹೊರಟ ತೀರ್ಪು ಇನ್ನೊಂದು ಮಾತನ್ನು ಸ್ಥಾಪಿಸಿತು: ಒಡಂಬಡಿಕೆಗೆ ಸಹಿ ಹಾಕಿದ ದೇಶ ಆಮೇಲೆ ಅದಕ್ಕೆ ವಿರುದ್ಧವಾದ ಕಾಯಿದೆ ಮಾಡಿದರೆ ನಿಲ್ಲತಕ್ಕದ್ದು ಒಡಂಬಡಿಕೆಯೇ.

ಈ ಎರಡು ವ್ಯಾಜ್ಯಗಳೂ ಲಕ್ಸೆಂಬರ್ಗಿಗೆ ಹೋದ ಬಗೆಯನ್ನು ಓದುಗರು ಗಮನಿಸಬೇಕು. ಯಾವ ಸರ್ಕಾರವೂ ಅವುಗಳನ್ನು ಕಳುಹಿಸಲಿಲ್ಲ. ಮಿಲಾನಿನಲ್ಲಿ ಚಿಲ್ಲರೆ ವ್ಯಾಜ್ಯಗಳನ್ನು ತೀರಿಸುವ ಕೆಳಗಿನ ನ್ಯಾಯಾಧಿಕಾರಿ ಕಲಾಪವನ್ನು ನಿಲ್ಲಿಸಿ, 'ಒಡಂಬಡಿಕೆಯ ಈ ವಾಕ್ಯಕ್ಕೆ ಅರ್ಥವೇನು?' ಎಂದು ಲಕ್ಸೆಂಬರ್ಗನ್ನು ಕೇಳಿದ. ಉತ್ತರ ಬಂದ ಮೇಲೆ ಅದರ ಪ್ರಕಾರ ತೀರ್ಪು ಕೊಡುವವನು ಅವನೇ. ಅದನ್ನು ಜಾರಿ ಮಾಡುವವರು ಅವನ ದೇಶದ ಅಮೀನರೇ. ಪೊಲೀಸರಿಲ್ಲದ ನ್ಯಾಯಸ್ಥಾನಕ್ಕೆ ಕೈಕಾಲು ಬಂದದ್ದು ಹೀಗೆ. ಊರೂರಿನ ಮುನ್ಸೀಫರೆಲ್ಲ ಅದರ ಅಧಿಕಾರಿಗಳಾದರು. ಇದರಿಂದ ಒಂದು ಮಾತು ತಾನಾಗಿಯೇ ಹೊರಡುತ್ತದೆ. ಆ ಮುನ್ಸೀಫ ತನ್ನ ಸರ್ಕಾರಕ್ಕೆ ಹೆದರುವವನಾದರೆ ಇಡೀ ಏರ್ಪಾಟು ಕುಸಿಯುತ್ತದೆ.

ಬಹುಕಾಲ ಯಾರಿಗೂ ಈ ಭಯ ಬರಲಿಲ್ಲ. ಕಮ್ಯೂನಿಸ್ಟ್ ಆಡಳಿತಗಳು ಬಿದ್ದು ಪೂರ್ವದ ದೇಶಗಳು ಬಾಗಿಲು ತಟ್ಟಿದಾಗ, 1993ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸೇರಿದ ನಾಯಕರು ಪ್ರವೇಶಕ್ಕೆ ಷರತ್ತುಗಳನ್ನು ಬರೆದರು. ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ಅಲ್ಪಸಂಖ್ಯಾತರ ರಕ್ಷಣೆ ಅವುಗಳಲ್ಲಿ ಮೊದಲಿನವು. 2004ರ ಮೇ 1ರಂದು ಪೋಲೆಂಡ್, ಹಂಗೆರಿ ಸೇರಿ ಹತ್ತು ದೇಶಗಳು ಒಳಗೆ ಬಂದವು. ನಮ್ಮಲ್ಲಿ ಸಂಬಂಧ ಬೆಳೆಸುವಾಗ ಏಳು ತಲೆಮಾರಿನ ಸಮಾಚಾರ ಕೇಳುತ್ತಾರೆ. ಧಾರೆ ಎರೆದಾದ ಮೇಲೆ ಕೇಳುವವರಿಲ್ಲ. ಅಲ್ಲಿಯೂ ಅದೇ ಆಯಿತು. ಒಳಗೆ ಬಂದ ಮೇಲೆ ದಾರಿ ತಪ್ಪಿದವರಿಗೆ ಮದ್ದು ಇರಲಿಲ್ಲವೆಂದಲ್ಲ. 1997ರ ಆಮ್‌ಸ್ಟರ್‌ಡಾಮ್ ಒಡಂಬಡಿಕೆಯಿಂದ ಬಂದು ಇಂದು ಏಳನೆಯದಾಗಿರುವ ವಿಧಿಯ ಪ್ರಕಾರ, ಮೂಲ ತತ್ತ್ವಗಳನ್ನು ಸತತವಾಗಿ ಮುರಿಯುವ ದೇಶದ ಮತದಾನದ ಹಕ್ಕನ್ನು ಅಮಾನತಿನಲ್ಲಿಡಬಹುದು. ಆದರೆ ತಪ್ಪು ನಡೆದಿದೆ ಎಂದು ಉಳಿದ ದೇಶಗಳ ನಾಯಕರೆಲ್ಲರೂ ಒಕ್ಕೊರಲಿನಿಂದ ಹೇಳಬೇಕು. ತಪ್ಪುವವರು ಒಬ್ಬರೇ ಆಗಿರುತ್ತಾರೆ ಎಂದು ಬರೆದವರು ಭಾವಿಸಿದ್ದರು. ಇಬ್ಬರು ತಪ್ಪಿದರೆ ಒಬ್ಬರಿಗೊಬ್ಬರು ಜಾಮೀನಾಗುವರೆಂಬುದು ಅವರಿಗೆ ಹೊಳೆಯಲಿಲ್ಲ.

ಹಂಗೆರಿಯಲ್ಲಿ 2010ರ ಚುನಾವಣೆಯಲ್ಲಿ ವಿಕ್ಟರ್ ಓರ್ಬಾನರ ಪಕ್ಷಕ್ಕೆ ಮೂರರಲ್ಲಿ ಎರಡು ಪಾಲಿನ ಬಹುಮತ ದೊರೆಯಿತು. 2012ರ ಜನವರಿ 1ರಿಂದ ಹೊಸ ಸಂವಿಧಾನ ಜಾರಿಗೆ ಬಂದಿತು. ಅದರೊಡನೆ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು ಎಪ್ಪತ್ತರಿಂದ ಅರವತ್ತೆರಡಕ್ಕೆ ಇಳಿಸಿದರು. ನೋಡುವುದಕ್ಕೆ ಇದು ಕೇವಲ ಸೇವಾನಿಯಮ. ಯಾರನ್ನೂ ಬಂಧಿಸಲಿಲ್ಲ, ಯಾರ ಬಾಯಿಗೂ ಬಟ್ಟೆ ತುರುಕಲಿಲ್ಲ; ಆದರೆ ನೂರಕ್ಕೂ ಹೆಚ್ಚು ಹಿರಿಯ ನ್ಯಾಯಾಧೀಶರು ಒಮ್ಮೆಗೇ ಮನೆಗೆ ಹೋಗಬೇಕಾಯಿತು. ಲಕ್ಸೆಂಬರ್ಗಿನ ನ್ಯಾಯಸ್ಥಾನ 2012ರ ನವೆಂಬರ್ 6ರಂದು ಇದು ತಪ್ಪೆಂದಿತು. ಯಾವ ಕಾರಣಕ್ಕೆ? ವಯಸ್ಸಿನ ಮೇಲೆ ಭೇದ ಮಾಡಕೂಡದು ಎಂಬ ಕಾರಣಕ್ಕೆ. ನ್ಯಾಯಾಧೀಶರ ಸ್ವಾತಂತ್ರ್ಯದ ಮಾತನ್ನು ಎತ್ತಲು ಆಗ ಅದಕ್ಕೆ ಹಿಡಿಗೋಲು ಸಿಕ್ಕಿರಲಿಲ್ಲ. ಗೆದ್ದವರಲ್ಲಿ ಹಲವರಿಗೆ ಪರಿಹಾರದ ಹಣ ಬಂತು. ಅವರು ಬಿಟ್ಟಿದ್ದ ಮುಖ್ಯ ಸ್ಥಾನಗಳಲ್ಲಿ ಅಷ್ಟು ಹೊತ್ತಿಗೆ ಬೇರೆಯವರು ಕುಳಿತಿದ್ದರು. ತೀರ್ಪು ಸರಿಯಾಗಿತ್ತು, ಬರುವುದು ತಡವಾಗಿತ್ತು.

ಈ ಪಾಠವನ್ನು ಪೋಲೆಂಡ್ ಚೆನ್ನಾಗಿ ಕಲಿಯಿತು. 2015ರ ಶರತ್ಕಾಲದಲ್ಲಿ ಅಲ್ಲಿ ಅಧಿಕಾರಕ್ಕೆ ಬಂದ 'ಕಾನೂನು ಮತ್ತು ನ್ಯಾಯ' ಪಕ್ಷ (ಹೆಸರು ನೋಡಿ!) ಮೊದಲು ಕೈಹಾಕಿದ್ದು ಸಂವಿಧಾನದ ನ್ಯಾಯಮಂಡಲಿಗೆ. ಅದು 2016ರ ಮಾರ್ಚ್ 9ರಂದು ಸರ್ಕಾರಕ್ಕೆ ವಿರುದ್ಧವಾಗಿ ಕೊಟ್ಟ ತೀರ್ಪನ್ನು ಸರ್ಕಾರ ಆಗ ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಲಿಲ್ಲ. ತರುವಾಯ ನ್ಯಾಯಾಧೀಶರನ್ನು ಆರಿಸುವ ರಾಷ್ಟ್ರೀಯ ಮಂಡಲಿಯ ಹದಿನೈದು ನ್ಯಾಯಾಧೀಶ ಸದಸ್ಯರನ್ನು ನ್ಯಾಯಾಧೀಶರ ಬದಲು ಪಾರ್ಲಿಮೆಂಟೇ ಚುನಾಯಿಸುವ ಕಾಯಿದೆ ಬಂದಿತು. 2018ರಲ್ಲಿ ಪರಮೋಚ್ಚ ನ್ಯಾಯಾಲಯದ ನಿವೃತ್ತಿ ವಯಸ್ಸನ್ನು ಎಪ್ಪತ್ತರಿಂದ ಅರವತ್ತೈದಕ್ಕೆ ಇಳಿಸಿದರು. 72 ನ್ಯಾಯಾಧೀಶರಲ್ಲಿ 27 ಮಂದಿಗೆ ಕುತ್ತು ಬಂತು. ಮುಖ್ಯ ನ್ಯಾಯಾಧೀಶೆ ಮಾಲ್ಗೊಜಾಟಾ ಗೆರ್ಸ್‌ಡಾರ್ಫ್ ಅವರೂ ಅವರಲ್ಲೊಬ್ಬರು. ತಮ್ಮ ಅವಧಿ ಆರು ವರ್ಷವೆಂದು ಸಂವಿಧಾನದಲ್ಲಿಯೇ ಬರೆದಿದೆ ಎಂದು ಹೇಳಿ, ಜುಲೈ 4ರ ಬೆಳಗ್ಗೆ ಅವರು ಎಂದಿನಂತೆ ಕೆಲಸಕ್ಕೆ ಬಂದರು. ಹೊರಗೆ ಜನ ಗುಂಪುಗೂಡಿದ್ದರು.

ಈ ಸಲ ಲಕ್ಸೆಂಬರ್ಗಿನವರಿಗೆ ಹಿಡಿಗೋಲು ಸಿಕ್ಕಿತ್ತು. ಅದನ್ನು ಒದಗಿಸಿದ್ದು, ಯಾರೂ ನಿರೀಕ್ಷಿಸದ ಹಾಗೆ, ಪೋರ್ಚುಗಲ್ಲಿನ ನ್ಯಾಯಾಧೀಶರ ಸಂಬಳದ ತಗಾದೆ. ಹಣದ ಮುಗ್ಗಟ್ಟಿನಲ್ಲಿ ಸಂಬಳ ಕಡಿತವಾದಾಗ ಅಲ್ಲಿಯ ನ್ಯಾಯಾಧೀಶರ ಸಂಘ ಮೊಕದ್ದಮೆ ಹೂಡಿತ್ತು. 2018ರ ಫೆಬ್ರವರಿ 27ರಂದು ಅವರು ಸೋತರು. ಸಂಬಳ ಸಿಕ್ಕಲಿಲ್ಲ, ಆದರೆ ಆ ತೀರ್ಪಿನಲ್ಲಿ ಒಂದು ಸೂತ್ರ ಸಿಕ್ಕಿತು: ಒಕ್ಕೂಟದ ಕಾನೂನನ್ನು ಅನ್ವಯಿಸಬೇಕಾದ ದೇಶೀಯ ನ್ಯಾಯಾಲಯಗಳು ಸ್ವತಂತ್ರವಾಗಿರುವಂತೆ ನೋಡಿಕೊಳ್ಳುವುದು ಪ್ರತಿಯೊಂದು ಸದಸ್ಯ ದೇಶದ ಕರ್ತವ್ಯ. ಈ ಸೂತ್ರವನ್ನು ಹಿಡಿದು ನ್ಯಾಯಸ್ಥಾನ 2018ರ ಅಕ್ಟೋಬರ್ 19ರಂದು ಪೋಲೆಂಡಿಗೆ ಮಧ್ಯಂತರ ಆಜ್ಞೆ ಕೊಟ್ಟಿತು. ಕೆಲವೇ ದಿನಗಳಲ್ಲಿ ನ್ಯಾಯಾಧೀಶರು ಪೀಠಗಳಿಗೆ ಮರಳಿದರು. ವರ್ಷ ಮುಗಿಯುವ ಮೊದಲೇ ಸರ್ಕಾರ ಕಾಯಿದೆಯನ್ನು ಹಿಂತೆಗೆಯಿತು. 2019ರ ಜೂನ್ 24ರಂದು ಬಂದ ಕೊನೆಯ ತೀರ್ಪು ಸರ್ಕಾರದ ನಡೆ ತಪ್ಪೆಂದು ಸಾರಿತು. ಹಂಗೆರಿಯಲ್ಲಿ ತಡವಾದದ್ದು ಇಲ್ಲಿ ವೇಳೆಗೆ ಸರಿಯಾಗಿ ಬಂತು.

ಮೇಲಿನವರನ್ನು ಅಲುಗಿಸಲಾಗದೆ ಹೋದಾಗ ಪೆಟ್ಟು ಕೆಳಗಿನವರ ಮೇಲೆ ಬಿತ್ತು. ಪರಮೋಚ್ಚ ನ್ಯಾಯಾಲಯದಲ್ಲಿಯೇ ಒಂದು ಶಿಸ್ತಿನ ಪೀಠ ಹುಟ್ಟಿಕೊಂಡಿತ್ತು. ಓಲ್‌ಷ್ಟಿನ್ ಎಂಬ ಊರಿನ ನ್ಯಾಯಾಧೀಶ ಪಾವೆಲ್ ಯುಶ್ಚಿಶಿನ್ ತಮ್ಮ ಮುಂದಿದ್ದ ಮೇಲ್ಮನವಿಯೊಂದರಲ್ಲಿ, ಹೊಸ ರಾಷ್ಟ್ರೀಯ ಮಂಡಲಿಯ ಸದಸ್ಯರನ್ನು ಅನುಮೋದಿಸಿದವರು ಯಾರೆಂಬ ಪಟ್ಟಿಯನ್ನು ತೋರಿಸಿರೆಂದು ಕೇಳಿದರು. ಕೇಳಿದ್ದಿಷ್ಟೇ. 2020ರ ಫೆಬ್ರವರಿಯಲ್ಲಿ ಶಿಸ್ತಿನ ಪೀಠ ಅವರನ್ನು ಅಮಾನತು ಮಾಡಿ ಸಂಬಳದಲ್ಲಿ ನೂರಕ್ಕೆ ನಲವತ್ತರಷ್ಟನ್ನು ಕಡಿಯಿತು. ಲಕ್ಸೆಂಬರ್ಗಿಗೆ ಪ್ರಶ್ನೆ ಬರೆದು ಕಳಿಸಿದವರಲ್ಲೊಬ್ಬರಾದ ವಾರ್ಸಾದ ಇಗೋರ್ ತುಲೇಯಾ ಅವರೂ ಅದೇ ವರ್ಷ ನವೆಂಬರಿನಲ್ಲಿ ಅಮಾನತಾದರು. ಎರಡು ವರ್ಷ ಪೀಠದಿಂದ ಹೊರಗುಳಿದರು. ಮಿಲಾನಿನ ನ್ಯಾಯಾಧಿಕಾರಿ 1964ರಲ್ಲಿ ಯಾವ ಅಳುಕೂ ಇಲ್ಲದೆ ಬರೆದ ಕಾಗದವನ್ನು ಈಗ ಬರೆಯುವುದಕ್ಕೆ ಧೈರ್ಯ ಬೇಕಾಯಿತು. 2020ರ ಜನವರಿ 11ರಂದು ವಾರ್ಸಾದ ಬೀದಿಗಳಲ್ಲಿ ಪೋಲೆಂಡಿನ ನ್ಯಾಯಾಧೀಶರು ತಮ್ಮ ನಿಲುವಂಗಿಗಳನ್ನು ತೊಟ್ಟು ಮೌನವಾಗಿ ನಡೆದರು. ಬೇರೆ ದೇಶಗಳ ನ್ಯಾಯಾಧೀಶರೂ ಅವರೊಡನೆ ಹೆಜ್ಜೆ ಹಾಕಿದರು. ಘೋಷಣೆ ಕೂಗುವುದು ಆ ಉಡುಪಿಗೆ ಒಪ್ಪುವುದಿಲ್ಲವಷ್ಟೆ.

ಅವರ ಮನೆಯ ಜಗಳ, ಉಳಿದವರಿಗೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಡಬ್ಲಿನ್ನಿನಿಂದ ಬಂತು. ಒಕ್ಕೂಟದೊಳಗೆ ಒಂದು ದೇಶದ ನ್ಯಾಯಾಧೀಶರು ಹೊರಡಿಸಿದ ಬಂಧನದ ವಾರಂಟನ್ನು ಇನ್ನೊಂದು ದೇಶದವರು ಹೆಚ್ಚು ಪ್ರಶ್ನೆಯಿಲ್ಲದೆ ಜಾರಿ ಮಾಡಬೇಕು. 2018ರಲ್ಲಿ ಪೋಲೆಂಡಿನಿಂದ ಬಂದ ಅಂಥ ಒಂದು ವಾರಂಟನ್ನು ಕೈಯಲ್ಲಿ ಹಿಡಿದು ಐರ್ಲೆಂಡಿನ ಹೈಕೋರ್ಟು, ಈ ಮನುಷ್ಯನನ್ನು ಕಳುಹಿಸಿದರೆ ಅಲ್ಲಿ ಅವನಿಗೆ ಸ್ವತಂತ್ರ ವಿಚಾರಣೆ ದೊರೆಯುವುದೇ ಎಂದು ಲಕ್ಸೆಂಬರ್ಗನ್ನು ಕೇಳಿತು. ನೆರೆಮನೆಯ ತಕ್ಕಡಿಯಲ್ಲಿ ತೂಗಿದ್ದನ್ನು ನಮ್ಮ ಮನೆಯಲ್ಲಿ ಒಪ್ಪಿಕೊಳ್ಳಬೇಕಾದಾಗ ಆ ತಕ್ಕಡಿ ನಮ್ಮ ಚಿಂತೆಯೂ ಆಗುತ್ತದೆ.

ಏಳನೆಯ ವಿಧಿಯನ್ನೂ ಎತ್ತಿಕೊಂಡರು. 2017ರ ಡಿಸೆಂಬರಿನಲ್ಲಿ ಪೋಲೆಂಡಿನ ಮೇಲೆ ಆಯೋಗವೂ, 2018ರ ಸೆಪ್ಟೆಂಬರಿನಲ್ಲಿ ಹಂಗೆರಿಯ ಮೇಲೆ ಐರೋಪ್ಯ ಪಾರ್ಲಿಮೆಂಟೂ ಅದನ್ನು ಹೂಡಿದವು. ಇಬ್ಬರು ಒಬ್ಬರಿಗೊಬ್ಬರು ಜಾಮೀನಾದುದರಿಂದ ಅದು ಹೇಳಿಕೆ ಕೇಳಿಕೆಗಳಲ್ಲಿಯೇ ಉಳಿಯಿತು. ಕೊನೆಗೆ ಒಕ್ಕೂಟ ತನ್ನ ಕೈಯಲ್ಲಿದ್ದ ಒಂದೇ ಬಲವಾದ ಸಾಧನವನ್ನು ನೆನೆಯಿತು: ಹಣದ ಚೀಲ. ಕಾನೂನು ಕೆಟ್ಟಲ್ಲಿ ಒಕ್ಕೂಟದ ಹಣಕ್ಕೆ ಅಪಾಯವಿದ್ದರೆ ಅನುದಾನ ತಡೆಹಿಡಿಯಬಹುದೆಂಬ ನಿಯಮ 2020ರ ಡಿಸೆಂಬರಿನಲ್ಲಿ ಆಯಿತು. ಅದಕ್ಕೆ ಒಕ್ಕೊರಲು ಬೇಡ, ಹೆಚ್ಚಿನ ಬಹುಮತ ಸಾಕು. ಎರಡೂ ದೇಶಗಳು ಅದನ್ನು ಪ್ರಶ್ನಿಸಿ 2022ರ ಫೆಬ್ರವರಿ 16ರಂದು ಸೋತವು. ಶಿಸ್ತಿನ ಪೀಠವನ್ನು ನಿಲ್ಲಿಸದಿದ್ದ ತಪ್ಪಿಗೆ ಪೋಲೆಂಡಿಗೆ 2021ರ ಅಕ್ಟೋಬರ್ 27ರಂದು ದಿನಕ್ಕೆ ಹತ್ತು ಲಕ್ಷ ಯೂರೋ ದಂಡ ಬಿದ್ದಿತ್ತು. ಅದು ಕಟ್ಟದೆ ಹೋದಾಗ ಆಯೋಗ ಅದಕ್ಕೆ ಸಲ್ಲಬೇಕಾದ ಅನುದಾನದಲ್ಲಿಯೇ ಮುರಿದುಕೊಂಡಿತು. ಹಂಗೆರಿಗೆ ಬರಬೇಕಾಗಿದ್ದ 630 ಕೋಟಿ ಯೂರೋ 2022ರ ಡಿಸೆಂಬರಿನಲ್ಲಿ ನಿಂತುಹೋಯಿತು. ಅದರಲ್ಲಿ ನೂರು ಕೋಟಿಗಿಂತ ತುಸು ಹೆಚ್ಚಿನ ಮೊತ್ತ 2024ರ ಕೊನೆಗೆ ಶಾಶ್ವತವಾಗಿ ಕೈಬಿಟ್ಟಿತು.

ಎದುರು ಪಕ್ಷದ ವಾದವನ್ನೂ ಹೇಳದಿದ್ದರೆ ಅನ್ಯಾಯವಾದೀತು. ನ್ಯಾಯಾಲಯಗಳ ರಚನೆ ಪ್ರತಿಯೊಂದು ದೇಶದ ಸ್ವಂತ ವಿಷಯ, ಅದನ್ನು ನಾವು ಒಪ್ಪಿಸಿಕೊಟ್ಟಿಲ್ಲ ಎಂದು ಪೋಲೆಂಡ್ ಹೇಳಿತು. ಕಮ್ಯೂನಿಸ್ಟ್ ಕಾಲದ ಕೊಳೆಯನ್ನು ತೊಳೆಯುತ್ತಿದ್ದೇವೆ, ಜನ ಆರಿಸಿದ ನಮ್ಮನ್ನು ತಡೆಯಲು ಯಾರೂ ಆರಿಸದ ನ್ಯಾಯಾಧೀಶರು ಯಾರು ಎಂದೂ ಕೇಳಿತು. 2021ರ ಅಕ್ಟೋಬರ್ 7ರಂದು ಅದರ ನ್ಯಾಯಮಂಡಲಿ ಒಡಂಬಡಿಕೆಯ ಕೆಲವು ಭಾಗಗಳು ತಮ್ಮ ಸಂವಿಧಾನಕ್ಕೆ ಹೊಂದುವುದಿಲ್ಲವೆಂದೇ ತೀರ್ಮಾನಿಸಿತು. ಇಂಥ ಸಂಶಯ ಹಳೆಯ ಸದಸ್ಯರಿಗೂ ಹೊಸದಲ್ಲ. 2020ರ ಮೇ 5ರಂದು ಜರ್ಮನಿಯ ಸಂವಿಧಾನ ನ್ಯಾಯಾಲಯವೇ ಲಕ್ಸೆಂಬರ್ಗಿನ ಒಂದು ತೀರ್ಪು ಅಧಿಕಾರ ಮೀರಿದ್ದೆಂದು ಹೇಳಿ, ವಾರ್ಸಾದವರ ಕೈಗೆ ತಾನಾಗಿಯೇ ಒಂದು ಅಸ್ತ್ರವನ್ನು ಕೊಟ್ಟಿತು. ಇನ್ನು ಒಕ್ಕೂಟದ ಕೈಗಳೂ ಯಾವಾಗಲೂ ಶುದ್ಧವಾಗಿರಲಿಲ್ಲ. 2023ರ ಡಿಸೆಂಬರ್ 13ರಂದು ಆಯೋಗ ಹಂಗೆರಿಗೆ ಸುಮಾರು 1,020 ಕೋಟಿ ಯೂರೋಗಳ ದಾರಿ ತೆರೆಯಿತು. ಮರುದಿನ, ಉಕ್ರೇನಿನೊಡನೆ ಪ್ರವೇಶದ ಮಾತುಕತೆ ಆರಂಭಿಸುವ ನಿರ್ಣಯವಾಗುವಾಗ, ಓರ್ಬಾನರು ಸಭೆಯಿಂದ ಎದ್ದು ಹೊರಗೆ ಹೋಗಿ ಅದಕ್ಕೆ ಎಡೆ ಮಾಡಿಕೊಟ್ಟರು. ನ್ಯಾಯಾಂಗದಲ್ಲಿ ಆದ ಸುಧಾರಣೆಗಾಗಿ ಹಣ ಬಿಟ್ಟೆವೆಂದು ಆಯೋಗ ಹೇಳಿತು; ಐರೋಪ್ಯ ಪಾರ್ಲಿಮೆಂಟು ನಂಬದೆ ಆಯೋಗದ ಮೇಲೆಯೇ ದಾವೆ ಹೂಡಿತು. ಕಾನೂನನ್ನು ಸಂತೆಯಲ್ಲಿಟ್ಟರೆ ಅದಕ್ಕೂ ಬೆಲೆ ಕಟ್ಟುವವರು ಬರುತ್ತಾರೆ.

ಆದರೂ ನನಗೆ ಮೊದಲಿನ ವಾದ ಒಪ್ಪಿಗೆಯಾಗುವುದಿಲ್ಲ. ಜನ ಆರಿಸಿದ ಸರ್ಕಾರಕ್ಕೆ ಕಾಯಿದೆ ಮಾಡುವ ಹಕ್ಕಿದೆ, ನಿಜ. ಆದರೆ ತನ್ನ ವ್ಯಾಜ್ಯವನ್ನು ತೀರಿಸಬೇಕಾದವರನ್ನು ಆರಿಸುವ, ಹೆದರಿಸುವ, ಮನೆಗೆ ಕಳುಹಿಸುವ ಹಕ್ಕನ್ನು ಯಾವ ಮತದಾರನೂ ಅದಕ್ಕೆ ಕೊಡಲಾರ. ಏಕೆಂದರೆ ಬೇಲಿಯೇ ಎದ್ದು ಹೊಲ ಮೇಯ್ದ ದಿನ ದೂರು ಕೊಡಲು ಆ ಮತದಾರನಿಗೇ ಸ್ಥಳವಿರುವುದಿಲ್ಲ. ನಿವೃತ್ತಿ ವಯಸ್ಸಿನಂಥ ಸಾಧು ಮಾತಿನಲ್ಲಿ ಈ ಕೆಲಸ ನಡೆಯಿತೆಂಬುದನ್ನು ಮರೆಯಬಾರದು. ಕೋವಿ ಹಿಡಿದು ಬರುವವರನ್ನು ಎಲ್ಲರೂ ಗುರುತಿಸುತ್ತಾರೆ; ಸೇವಾನಿಯಮದ ತಿದ್ದುಪಡಿಯನ್ನು ಗುರುತಿಸುವವರು ಕಡಮೆ.

ಪೋಲೆಂಡಿನಲ್ಲಿ ಕೊನೆಗೆ ಬದಲಾವಣೆ ತಂದದ್ದು ಲಕ್ಸೆಂಬರ್ಗ್ ಅಲ್ಲ, ಅಲ್ಲಿಯ ಮತದಾರರು. 2023ರ ಅಕ್ಟೋಬರ್ 15ರ ಚುನಾವಣೆಯ ಮೇಲೆ ಡೊನಾಲ್ಡ್ ಟುಸ್ಕ್ ಅವರ ಸರ್ಕಾರ ಬಂತು. 2024ರ ಮೇ ತಿಂಗಳಲ್ಲಿ ಏಳನೆಯ ವಿಧಿಯ ಪ್ರಕರಣವನ್ನು ಮುಚ್ಚಿದರು. ಹಂಗೆರಿಯ ಮೇಲಿನದು 2024ರ ಕೊನೆಗೂ ಮುಗಿದಿರಲಿಲ್ಲ. ಆದರೆ ಮುರಿದದ್ದನ್ನು ಕೂಡಿಸುವುದು ಮುರಿದಷ್ಟು ಸುಲಭವಲ್ಲ. ಹೊಸ ಮಂಡಲಿಯ ಮೂಲಕ ನೇಮಕವಾದ ನ್ಯಾಯಾಧೀಶರು ಸಾವಿರಾರು ಮಂದಿ. ಅವರು ಕೊಟ್ಟ ತೀರ್ಪುಗಳಿಂದ ಆಸ್ತಿಗಳು ಪಾಲಾಗಿವೆ, ಕೈದಿಗಳು ಸೆರೆಗೆ ಹೋಗಿದ್ದಾರೆ. ಅವರೆಲ್ಲರನ್ನೂ ಒಂದೇ ಕಾಯಿದೆಯಿಂದ ಕಿತ್ತುಹಾಕಬಹುದೆ? ಹಾಗೆ ಸಾರಾಸಗಟಾಗಿ ಮಾಡಕೂಡದು ಎಂದು ವೆನಿಸ್ ಆಯೋಗ 2024ರ ಅಕ್ಟೋಬರಿನಲ್ಲಿ ಸಲಹೆ ಕೊಟ್ಟಿತು. ಕಾನೂನನ್ನು ಮುರಿದವನಿಗೆ ಆತುರ ಒಪ್ಪುತ್ತದೆ; ಅದನ್ನು ಕಟ್ಟುವವನು ಕಾನೂನಿನ ದಾರಿಯಲ್ಲಿಯೇ ನಡೆಯಬೇಕು, ಆ ದಾರಿ ಎಷ್ಟೇ ಸುತ್ತಾದರೂ.

ಕೆಲವು ದಿನಗಳ ಮೇಲೆ ಆ ಹುಡುಗ ವರಾಂಡದಲ್ಲಿ ಸಿಕ್ಕಿದ. "ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಕಣಯ್ಯ. ಕೋಲಿನ ಪಕ್ಕಕ್ಕೆ ಇನ್ನೊಂದು ಕೋಲು ಇಟ್ಟು ನೋಡಬೇಕು. ನಡುವೆ ಬೆಳಕು ಕಂಡರೆ ಯಾವುದೋ ಒಂದು ಸೊಟ್ಟ" ಎಂದೆ. ಅವನು ಸ್ವಲ್ಪ ಯೋಚಿಸಿ, "ಯಾವುದು ಸೊಟ್ಟ ಅಂತ ತಿಳಿಯೋದು ಹೇಗೆ ಸಾರ್? ಮೂರನೆಯದು ಬೇಕಾಗುತ್ತೆ" ಎಂದ. ಹೌದು, ಮೂರನೆಯದೂ ಬೇಕು. ವಾರ್ಸಾದ ಕೋಲಿಗೆ ಲಕ್ಸೆಂಬರ್ಗಿನದು, ಅವೆರಡಕ್ಕೂ ಡಬ್ಲಿನ್ನಿನದು, ಎಲ್ಲಕ್ಕೂ ಮೇಲೆ ಸಂಬಳ ಹೋದರೂ ಪಟ್ಟಿ ತೋರಿಸಿ ಎಂದು ಕೇಳುವ ಓಲ್‌ಷ್ಟಿನ್ನಿನ ಒಬ್ಬ ನ್ಯಾಯಾಧೀಶರದು. ಅಂಥವರು ಅಲ್ಲಲ್ಲಿ ಇರುವವರೆಗೆ ಪೊಲೀಸರಿಲ್ಲದ ನ್ಯಾಯಸ್ಥಾನಕ್ಕೂ ಮಾತು ನಡೆಯುತ್ತದೆ.